ಕರೆ ಬಂದಾಗ ಕೈಯಲ್ಲಿದ್ದ ಎಲೆಗಳು ಏನಾಗುತ್ತವೆ?

ಅಗ್ನಿಶಾಮಕ ಠಾಣೆಯ ಮುಂದೆ ಹಾದುಹೋಗುವಾಗ ಸಮವಸ್ತ್ರದಲ್ಲಿದ್ದ ನಾಲ್ವರು ಇಸ್ಪೀಟು ಆಡುತ್ತಿದ್ದುದನ್ನು ಕಂಡಿರಿ. ಕರ್ತವ್ಯದ ವೇಳೆ ಇದು ಸರಿಯೇ, ಆಟದ ನಡುವೆ ಕರೆ ಬಂದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ದಾವಣಗೆರೆ ಭಾಗದಲ್ಲಿ ಅಗ್ನಿಶಾಮಕನಾಗಿ ಸೇರಿ, ಪ್ರಮುಖ ಅಗ್ನಿಶಾಮಕ ಎಂಬ ಹುದ್ದೆಯಲ್ಲಿ ನಿವೃತ್ತನಾದವನು ನಾನು. ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಎಲೆ ಅಲ್ಲೇ ಬೀಳುತ್ತದೆ, ಆಟ ಅಲ್ಲಿಗೆ ರದ್ದು. ಮೊದಲನೆಯದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಠಾಣೆಯಲ್ಲಿ ಬೆಳಗಿನ ಹೊತ್ತು ಬಿಡುವಿರುವುದಿಲ್ಲ. ಕವಾಯತು, ಏಣಿ ಮತ್ತು ಹೋಸ್ ಅಭ್ಯಾಸ, ಪಂಪು ಚಾಲೂ ಮಾಡಿ ನೋಡುವುದು, ಟ್ಯಾಂಕಿನ ನೀರು, ಡೀಸೆಲ್, ಬ್ಯಾಟರಿ ಪರೀಕ್ಷೆ, ಹಿಂದಿನ ದಿನ ಬಳಸಿದ ಹೋಸ್‌ಗಳನ್ನು ತೊಳೆದು ಒಣಗಿಸಿ ಸುತ್ತಿಡುವುದು. ಇದೆಲ್ಲ ಮುಗಿದ ಮೇಲೆ ಉಳಿಯುವುದು ಕಾಯುವ ಕೆಲಸ. ಬೆಂಕಿ ಎಲ್ಲಿಯೂ ಬೀಳದಿರಲಿ ಎಂದು ಬಯಸುತ್ತಲೇ, ಬಿದ್ದರೆ ಒಂದು ನಿಮಿಷದೊಳಗೆ ವಾಹನ ಗೇಟು ದಾಟುವಂತೆ ಸಿದ್ಧರಾಗಿ ಕುಳಿತಿರಬೇಕು. ದಾವಣಗೆರೆಯ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಹಾಗೆ ಕೂರುವುದು ಎಷ್ಟು ಕಷ್ಟವೆಂದು ಕುಳಿತವರಿಗೇ ಗೊತ್ತು. ಊಟದ ನಂತರ ಮಲಗಿದವನು ಗಂಟೆಯ ಸದ್ದಿಗೆ ಎದ್ದರೂ ಅವನ ಕಣ್ಣು, ಕೈ, ತಲೆ ಒಟ್ಟಿಗೆ ಏಳುವುದಿಲ್ಲ. ಹಾಗೆ ಅರೆನಿದ್ದೆಯಲ್ಲಿ ಏಣಿ ಹತ್ತುವವನ ಕೆಳಗೆ ನಿಲ್ಲಲು ನನಗೆ ಭಯ.

ಆದ್ದರಿಂದ ಆಟ ಬೇಕಾಗಿತ್ತು. ಯಾವ ಆಟ ಎಂಬುದನ್ನು ನಾವು ಬಹಳ ಯೋಚಿಸಿಯೇ ಆರಿಸಿದ್ದೆವು. ಕೇರಂ ಇಟ್ಟಿದ್ದೆವು, ಬಿಟ್ಟೆವು. ಅದರ ಪುಡಿ ಬೆರಳಿಗೆ ಅಂಟಿದ್ದರೆ ಏಣಿಯ ಹಿಡಿತ ಜಾರುತ್ತದೆ. ಚದುರಂಗ ಇಬ್ಬರ ಆಟ, ಅದರೊಳಗೆ ಮುಳುಗಿದವನಿಗೆ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಅಂದರ್ ಬಾಹರ್‌ನಂಥ ಹಣದಾಟಕ್ಕೆ ಠಾಣೆಯೊಳಗೆ ಜಾಗವೇ ಇರಲಿಲ್ಲ. ಕಾನೂನಿನ ಮಾತು ಹಾಗಿರಲಿ, ನನ್ನ ಕಾರಣ ಇನ್ನೂ ಸರಳ. ಮಧ್ಯದಲ್ಲಿ ನೂರು ರೂಪಾಯಿ ಬಿದ್ದಿದ್ದರೆ, ಗಂಟೆ ಹೊಡೆದಾಗ ಒಬ್ಬನ ಕಣ್ಣು ಆ ನೋಟಿನತ್ತ ಹೋಗಿಯೇ ಹೋಗುತ್ತದೆ. ಅಷ್ಟು ತಡವೂ ನಮಗೆ ಬೇಡ. ರಮ್ಮಿಯಲ್ಲಿ ಅಂಕ ಬರೆದಿಡಬೇಕು. ಬರೆದಿಟ್ಟದ್ದು ಬಾಕಿಯಾಗುತ್ತದೆ, ಬಾಕಿ ಮನಸ್ತಾಪವಾಗುತ್ತದೆ. ಮನಸ್ತಾಪವಿರುವ ಇಬ್ಬರು ಹೊಗೆ ತುಂಬಿದ ಕೋಣೆಗೆ ಒಂದೇ ಹೋಸ್ ಹಿಡಿದು ಹೋಗುವಂತಾಗಬಾರದು.

ಕೊನೆಗೆ ಉಳಿದದ್ದು ಇಪ್ಪತ್ತೆಂಟು. ಕರಾವಳಿಯಿಂದ ವರ್ಗವಾಗಿ ಬಂದ ಚಾಲಕರೊಬ್ಬರು ಕಲಿಸಿಕೊಟ್ಟ ಆಟ. ಏಳರಿಂದ ಎಕ್ಕದವರೆಗಿನ 32 ಎಲೆ, ನಾಲ್ವರು ಆಟಗಾರರು, ಎದುರುಬದುರು ಕುಳಿತವರು ಜೊತೆ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಏನೂ ಇಲ್ಲ. ನಾಲ್ಕೂ ಜಾತಿಯ ಎಲೆಗಳನ್ನು ಕೂಡಿದರೆ 28 ಆಗುತ್ತದೆ. ಮೊದಲು ನಾಲ್ಕು ಎಲೆ ಹಂಚಿದ ಕೂಡಲೇ ಎಷ್ಟು ಅಂಕ ಗೆಲ್ಲುತ್ತೇವೆಂದು ಸವಾಲು ಕೂಗಬೇಕು, ಹೆಚ್ಚು ಕೂಗಿದವರು ಒಂದು ಎಲೆಯನ್ನು ತುರುಪಾಗಿ, ಅಂದರೆ ಉಳಿದ ಜಾತಿಗಳನ್ನು ಸೋಲಿಸುವ ಜಾತಿಯ ಗುರುತಾಗಿ, ಮಗುಚಿಡುತ್ತಾರೆ, ಆಮೇಲೆ ಉಳಿದ ನಾಲ್ಕು ಎಲೆ ಕೈಗೆ ಬರುತ್ತವೆ. ಎಂಟು ಸುತ್ತಿಗೆ ಆಟ ಮುಗಿಯುತ್ತದೆ. ಯಾರಿಗೂ ಏನೂ ಬಾಕಿ ಉಳಿಯುವುದಿಲ್ಲ, ಯಾವ ಎಲೆ ಬಿತ್ತು, ಯಾವುದು ಬೀಳಲಿಲ್ಲ ಎಂದು ತಲೆ ಎಚ್ಚರವಾಗಿರುತ್ತದೆ. ದೂರವಾಣಿ ಪಕ್ಕದಲ್ಲಿ ಕುಳಿತವನು ಮಾತ್ರ ಎಂದೂ ಆಟಕ್ಕೆ ಕೂರುವಂತಿಲ್ಲ. ಬೂಟು ಬಿಚ್ಚುವಂತಿಲ್ಲ. ಈ ಎರಡು ಕಟ್ಟಳೆಗಳನ್ನು ನಮ್ಮ ಠಾಣಾಧಿಕಾರಿಗಳು ಹಾಕಿದ್ದರು, ನಾನೂ ನನ್ನ ಕೈಕೆಳಗಿನವರಿಗೆ ಅದನ್ನೇ ಹೇಳುತ್ತಾ ಬಂದೆ.

ಆಟ ನಿಂತ ಒಂದು ದಿನದ ಕತೆ ಹೇಳುತ್ತೇನೆ. ಅಗ್ನಿಶಾಮಕ ಸೇವಾ ಸಪ್ತಾಹದ ಸಮಯ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ಹೇರಿಕೊಂಡಿದ್ದ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಬಿದ್ದಾಗ, ಅದನ್ನು ಆರಿಸಲು ಹೋದ 66 ಸಿಬ್ಬಂದಿ ಸ್ಫೋಟದಲ್ಲಿ ಮಡಿದರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಸಪ್ತಾಹ ನಡೆಯುತ್ತದೆ. ಬೆಳಗ್ಗೆ ಶಾಲೆಯೊಂದರಲ್ಲಿ ಮಕ್ಕಳಿಗೆ ಪ್ರಾತ್ಯಕ್ಷಿಕೆ ತೋರಿಸಿ ಬಂದು, ಊಟ ಮಾಡಿ ಕುಳಿತಿದ್ದೆವು. ನನ್ನ ಜೊತೆಗಾರ ಇಪ್ಪತ್ತಕ್ಕೆ ಸವಾಲು ಕೂಗಿ ತುರುಪು ಮಗುಚಿಟ್ಟಿದ್ದ. ನನ್ನ ಕೈಗೆ ಎರಡು ಗುಲಾಮ ಬಂದಿದ್ದವು. ಗಂಟೆ ಹೊಡೆಯಿತು, ಮಂಡಕ್ಕಿ ಭಟ್ಟಿಯ ಪಕ್ಕದ ಹೊಟ್ಟಿನ ರಾಶಿಗೆ ಬೆಂಕಿ.

ದಾವಣಗೆರೆಯ ಮಂಡಕ್ಕಿಯನ್ನು ತಿಂದವರು ಬಹಳ, ಭಟ್ಟಿಯ ಒಳಗೆ ನಿಂತು ನೋಡಿದವರು ಕಡಿಮೆ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ, ಒಲೆಗೆ ಭತ್ತದ ಹೊಟ್ಟು ಉರುವಲು. ಆ ಹೊಟ್ಟಿನ ಬೆಂಕಿ ಬಹಳ ಮೋಸದ್ದು. ಮೇಲೆ ನೋಡಿದರೆ ಬೂದಿ, ತೆಳು ಹೊಗೆ, ಅಷ್ಟೇ. ಒಳಗೆ ಗಂಟೆಗಟ್ಟಲೆ ಕೆಂಡವಾಗಿ ತಿನ್ನುತ್ತಾ ಹೋಗುತ್ತದೆ. ನೀರು ಸುರಿದರೆ ಮೇಲ್ಪದರ ನೆನೆದು ಪಕ್ಕಕ್ಕೆ ಹರಿದುಹೋಗುತ್ತದೆ, ಒಳಗಿನ ಕೆಂಡಕ್ಕೆ ತಾಗುವುದಿಲ್ಲ. ರಭಸದ ಧಾರೆ ಬಿಟ್ಟರೆ ಉರಿಯುವ ಹೊಟ್ಟು ಹಾರಿ ಪಕ್ಕದ ಶೆಡ್ಡಿಗೂ ಹತ್ತಿಸುತ್ತದೆ. ತುಂತುರು ಮಾಡಿ, ಸಲಿಕೆಯಿಂದ ಪದರ ಪದರವಾಗಿ ಎಳೆದು, ಹರಡಿ, ನೆನೆಸುತ್ತಾ ಹೋಗಬೇಕು. ರಾಶಿಯ ಮೇಲೆ ಹತ್ತಿ ನಿಲ್ಲಲೇಬಾರದು, ಒಳಗೆ ಸುಟ್ಟು ಪೊಳ್ಳಾಗಿದ್ದರೆ ಸೊಂಟದವರೆಗೆ ಕೆಂಡಕ್ಕೆ ಇಳಿದುಬಿಡುತ್ತೇವೆ. ಆ ದಿನ ಹೊಸ ಹುಡುಗನೊಬ್ಬ ಮೇಲಿಂದ ಎಳೆದರೆ ಬೇಗ ಆಗುತ್ತದೆಂದು ಕಾಲಿಡಲು ಹೋದ. ಸ್ವಲ್ಪ ಹೊತ್ತಿನ ಹಿಂದೆ ನನ್ನ ಎದುರು ಪಕ್ಷದಲ್ಲಿ ಕುಳಿತು ಆಡುತ್ತಿದ್ದ ಹಿರಿಯರು, "ತಮ್ಮಾ, ಕೆಳಗಿಳಿ" ಎಂದು ಅವನ ನಡುಪಟ್ಟಿ ಹಿಡಿದು ಎಳೆದರು. ಅವರು ಸಲಿಕೆಯಿಂದ ಅದೇ ಜಾಗವನ್ನು ತಟ್ಟಿದಾಗ ರಾಶಿ ಒಳಕ್ಕೆ ಕುಸಿಯಿತು. ಹುಡುಗ ಮಾತಾಡಲಿಲ್ಲ, ಕತ್ತಲಾಗುವವರೆಗೂ ಅವರ ಪಕ್ಕ ಬಿಡಲಿಲ್ಲ. ಭಟ್ಟಿಯ ಹೆಂಗಸರು ಕೊಡಗಳಲ್ಲಿ ನಮಗೆ ಕುಡಿಯುವ ನೀರು ತಂದುಕೊಟ್ಟರು, ಕೆಲಸ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಷ್ಟವಾದ ಮನೆಯವರು ನಮ್ಮ ಹಸಿವನ್ನು ನೆನೆದರಲ್ಲ, ಅದನ್ನು ಈಗಲೂ ಗೌರವದಿಂದ ನೆನೆಯುತ್ತೇನೆ.

ಠಾಣೆಗೆ ಮರಳಿದ ಮೇಲೂ ಮೊದಲು ಟ್ಯಾಂಕಿಗೆ ನೀರು, ಆಮೇಲೆ ಹೋಸ್, ಆಮೇಲೆ ಸ್ನಾನ. ದೂರವಾಣಿಯ ಬಳಿ ಉಳಿದಿದ್ದವನು ಎಲೆಗಳನ್ನೆಲ್ಲ ಕೂಡಿಸಿ ಡಬ್ಬಿಗೆ ಹಾಕಿಟ್ಟಿದ್ದ. ತುರುಪು ಯಾವುದಿತ್ತು ಎಂದು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಕರೆ ಬಂದು ನಿಂತ ಆಟವನ್ನು ಮುಂದುವರಿಸುವಂತಿಲ್ಲ, "ನನ್ನ ಕೈಯಲ್ಲಿ ಇಂಥ ಎಲೆ ಇತ್ತು" ಎಂದು ಹೇಳಿಕೊಳ್ಳುವಂತೆಯೂ ಇಲ್ಲ.

ಈ ಪದ್ಧತಿಯ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಜಗಳೂರು ಕಡೆಯ ಒಂದು ಕರೆಯಿಂದ. ಬರದ ಸೀಮೆ, ಮಳೆ ನೀರು ಹಿಡಿಯಲು ಹೊಲದಲ್ಲಿ ಕೃಷಿ ಹೊಂಡ ತೋಡಿಸುತ್ತಾರೆ, ನೀರು ಇಂಗದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ನೆನೆದ ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ಗಂಡಸಿಗೂ ದಡ ಹತ್ತಲಾಗುವುದಿಲ್ಲ. ನಾವು ಹೋಗುವಷ್ಟರಲ್ಲಿ ತಡವಾಗಿತ್ತು, ಎತ್ತಿದ್ದು ಒಬ್ಬ ಶಾಲಾ ಬಾಲಕನ ದೇಹವನ್ನು. ಅಂದು ಮರಳಿ ಬಂದವರ ಮುಂದೆ ಅರ್ಧಕ್ಕೆ ನಿಂತ ಆಟ ಹರಡಿಕೊಂಡಿದ್ದರೆ ಹೇಗಿರುತ್ತಿತ್ತು, ಯೋಚಿಸಿ. ನಿಮ್ಮ ಹೊಲದಲ್ಲಿ ಹೊಂಡವಿದ್ದರೆ ಸುತ್ತ ಬೇಲಿ ಹಾಕಿಸಿ, ಗಂಟು ಕಟ್ಟಿದ ಹಗ್ಗವನ್ನು ದಡದ ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಿ. ಕೈಮುಗಿದು ಕೇಳುತ್ತೇನೆ.

ಈಗ ಹುಡುಗರು ಇಸ್ಪೀಟು ಆಡುವುದು ಕಡಿಮೆ. ಪ್ರತಿಯೊಬ್ಬನ ಕೈಯಲ್ಲೂ ಮೊಬೈಲ್, ಕೆಲವರ ಕಿವಿಯಲ್ಲಿ ಇಯರ್‌ಫೋನ್. ನನಗೆ ಇದು ಇಷ್ಟವಿಲ್ಲ. ಹೊಟ್ಟಿನ ರಾಶಿಯ ವಿಷಯ, ಹತ್ತಿಯ ಮೂಟೆ ಒಳಗೊಳಗೇ ಉರಿಯುವ ವಿಷಯ, ರಸ್ತೆಯ ಮೇಲೆ ಒಕ್ಕಣೆಗೆ ಹಾಕಿದ ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತುವ ವಿಷಯ, ಇವನ್ನೆಲ್ಲ ನಾನು ಹಿರಿಯರಿಂದ ಕೇಳಿದ್ದು ಎಲೆ ಕಲೆಸುವ ಹೊತ್ತಿನಲ್ಲೇ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹಣವಿಲ್ಲದ ಆಟ, ಕಾಲಲ್ಲಿ ಬೂಟು, ದೂರವಾಣಿಯ ಬಳಿ ಒಬ್ಬ, ಬೆಳಗಿನ ಕೆಲಸ ಮುಗಿದಿದೆ ಎಂದಾದರೆ ಅದು ಸರಿಯೇ. ಇವುಗಳಲ್ಲಿ ಒಂದು ತಪ್ಪಿದ್ದರೂ ನಿಮ್ಮ ಆಕ್ಷೇಪ ನ್ಯಾಯವಾದದ್ದು.

ಅವರ ಆಟವನ್ನು ನಿಲ್ಲಿಸಬೇಕಾದ ದಿನ ನಿಮಗೇ ಬಂದರೆ 112 ಅಥವಾ 101ಕ್ಕೆ ಕರೆ ಮಾಡಿ, ಊರಿನ ಹೆಸರಿನ ಜೊತೆಗೆ ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಹೇಳಿ. ಉರಿಯುತ್ತಿರುವುದು ಏನು, ಒಳಗೆ ಜನರಿದ್ದಾರೆಯೇ, ಲಾರಿ ಬರುವಷ್ಟು ದಾರಿ ಅಗಲವಿದೆಯೇ, ಹತ್ತಿರದಲ್ಲಿ ಬಾವಿ ಅಥವಾ ಕೆರೆ ಇದೆಯೇ ಎಂಬುದನ್ನೂ ತಿಳಿಸಿ. ಆಮೇಲೆ ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ. ಭಟ್ಟಿ ಓಣಿಗಳಂಥ ಇಕ್ಕಟ್ಟಿನ ಜಾಗದಲ್ಲಿ ಹಾಗೆ ಕೈಬೀಸುವವರೊಬ್ಬರು ಇದ್ದರೆ ನಮ್ಮ ವಾಹನ ತಪ್ಪು ಓಣಿಗೆ ನುಗ್ಗಿ ಹಿಂದಕ್ಕೆ ಬರುವ ಸಮಯ ಉಳಿಯುತ್ತದೆ.