ಹೆಕ್ಸ್ ಫೈಲ್ ದೊಡ್ಡದಾದ್ರೆ ಕೆಟ್ಟಿದೆ ಅಂತಲ್ಲ

32 ಕೆಬಿ ಬೈನರಿಯನ್ನು (ಯಂತ್ರ ನೇರವಾಗಿ ಓದುವ ಫೈಲ್) ಇಂಟೆಲ್ ಹೆಕ್ಸ್ (ಅದೇ ಬೈಟ್‌ಗಳನ್ನು ಅಕ್ಷರಗಳಲ್ಲಿ ಸಾಲುಸಾಲಾಗಿ ಬರೆದ ಫೈಲ್) ಮಾಡಿದರೆ ಸುಮಾರು 90 ಕೆಬಿ ಆಯಿತು, ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಅಂಗಡಿಯವರು ಫೈಲ್ ಕೆಟ್ಟಿದೆ ಅಂದರು, ನಿಜವಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಬಿಡ್ರಿ. ಹೆಕ್ಸ್‌ನಲ್ಲಿ ಒಂದು ಬೈಟ್ ಬರೆಯಲು ಎರಡು ಅಕ್ಷರ ಬೇಕು, ಅಲ್ವಾ? ಅದರ ಮೇಲೆ ಪ್ರತಿ ಸಾಲಿಗೂ ಕೋಲನ್, ಬೈಟ್ ಎಣಿಕೆ, ವಿಳಾಸ, ಸಾಲಿನ ಬಗೆ, ಚೆಕ್‌ಸಮ್ (ಸಾಲಿನಲ್ಲಿ ತಪ್ಪಿದೆಯಾ ಅಂತ ನೋಡುವ ಸಂಖ್ಯೆ) ಸೇರುತ್ತವೆ. 16 ಬೈಟ್‌ನ ಸಾಲು 43 ಅಕ್ಷರವಾಗುತ್ತದೆ. ಸಾಲು ಮುರಿಯುವ ಗುರುತು ಬೇರೆ. 32 ಕೆಬಿಗೆ ಅಂಥ 2048 ಸಾಲು ಬೇಕು, ಲೆಕ್ಕ ಹಾಕಿ ನೋಡಿ.

ಫೈಲ್ ಅರ್ಧಕ್ಕೇ ನಿಂತಿದೆಯಾ ಅಂತ ಅನುಮಾನವಿದ್ದರೆ ಕೊನೆಯ ಸಾಲು ನೋಡಿ. ಕೋಲನ್ ಆದ ಮೇಲೆ 00000001ಎಫ್‌ಎಫ್ ಇರಬೇಕು. ವಾಪಸ್ ಬೈನರಿ ಮಾಡಲು ಆಬ್ಜ್‌ಕಾಪಿ ಅನ್ನೋ ಕಮಾಂಡ್ ಬಳಸಿ. ಬರೀ ಹೆಕ್ಸ್ ಅಂಕಿಗಳನ್ನು ಬೈಟ್ ಮಾಡುವ ಎಕ್ಸ್‌ಎಕ್ಸ್‌ಡಿ ಕಮಾಂಡ್ ಬೇಡ, ಅದಕ್ಕೆ ಈ ವಿಳಾಸ, ಚೆಕ್‌ಸಮ್ ಅರ್ಥವಾಗುವುದಿಲ್ಲ, ಸುಮ್ನೆ ಕಸ ಬರುತ್ತದೆ. ಆಮೇಲೆ ಹಳೆಯ ಬೈನರಿಯನ್ನೂ ಹೊಸದನ್ನೂ ಸಿಎಂಪಿಗೆ (ಎರಡು ಫೈಲ್ ಹೋಲಿಸುವ ಕಮಾಂಡ್) ಕೊಡಿ. ಅದು ಏನೂ ಹೇಳದಿದ್ದರೆ ಎರಡೂ ಒಂದೇ.