ಟರ್ಪಾಲು ಕಂಡರೆ ಹಗ್ಗ ಕಿತ್ತು ಓಡುವ ಕುದುರೆಗೆ ಧೈರ್ಯ ಕಲಿಸೋದು ಹೇಗೆ?

ಸುರತ್ಕಲ್ ಕಡೆ ಕುದುರೆ ಸಾಕಿದ್ದೀರಿ, ನೀಲಿ ಟರ್ಪಾಲು ಪಟಪಟ ಅಂದರೆ ಸಾಕು ಓಡುತ್ತದೆ ಅಂತ ಬರೆದಿದ್ದೀರಿ. ನಮ್ಮ ಕಡೆ ಮೇ ಕೊನೆಗೆ ಅಂಗಳ ಅಂಗಳಕ್ಕೂ ಟರ್ಪಾಲು ಏರುತ್ತದೆ, ತಪ್ಪಿಸಿಕೊಂಡು ಹೋಗೋದೆಲ್ಲಿಗೆ ಮಾರಾಯ್ರೆ?

ನಾನು ಮಲ್ಪೆ ಹತ್ತಿರದವನು. ಮೊದಲು ಮಾಡಿದ್ದು ಶುದ್ಧ ತಪ್ಪು. ಕುದುರೆಯನ್ನು ತೆಂಗಿನ ಮರಕ್ಕೆ ಬಿಗಿಯಾಗಿ ಕಟ್ಟಿ, ಎದುರು ನಿಂತು ಟರ್ಪಾಲು ಬೀಸಿದೆ. ನೋಡಿ ನೋಡಿ ರೂಢಿಯಾಗುತ್ತದೆ ಅಂದುಕೊಂಡಿದ್ದೆ. ಅದು ಹಿಂದಕ್ಕೆ ಜಗ್ಗಿದ ರಭಸಕ್ಕೆ ಮುಖದ ಪಟ್ಟಿಯೇ ಹರಿಯಿತು. ಆಮೇಲೆ ಒಂದು ತಿಂಗಳು ಆ ಮರದ ಹತ್ತಿರವೂ ಬರಲಿಲ್ಲ. ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಓಡುವ ದಾರಿಯನ್ನೇ ಮುಚ್ಚಿದ್ದೆ ನಾನು.

ಈಗ ತಿರುಗಾಮುರುಗಾ ಮಾಡುತ್ತೇನೆ. ಟರ್ಪಾಲನ್ನು ಕರ್ಚೀಫಿನಷ್ಟು ಚಿಕ್ಕದಾಗಿ ಮಡಚಿ ಒಬ್ಬರು ಮುಂದೆ ಎಳೆದುಕೊಂಡು ಹೋಗಲಿ. ನೀವು ಕುದುರೆ ಹಿಡಿದು ದೂರದಿಂದ ಹಿಂಬಾಲಿಸಿ. ಹೆದರಿಸುವ ವಸ್ತುವೇ ತನ್ನಿಂದ ದೂರ ಹೋಗುತ್ತಿದೆ ಅಂದರೆ ಅದಕ್ಕೆ ಧೈರ್ಯ ಬರುತ್ತದೆ, ಆಮೇಲೆ ಕುತೂಹಲ. ನಮ್ಮದು ಮೂರನೇ ದಿನ ತಾನೇ ಹೋಗಿ ಮೂಸಿ, ಫುರ್ರ್ ಅಂತ ಉಸಿರು ಬಿಟ್ಟಿತು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ನಿಲ್ಲೋದು ಭುಜದ ಪಕ್ಕದಲ್ಲಿ, ಎದುರಲ್ಲಲ್ಲ.

ಆಮೇಲೆ ಟರ್ಪಾಲನ್ನು ಕುದುರೆಯ ಹತ್ತಿರ ತರುವಾಗ ಇಡೀ ಆಟ ಇರೋದು ಅದನ್ನು ಯಾವಾಗ ಹಿಂದೆ ತೆಗೆಯುತ್ತೀರಿ ಅನ್ನೋದರಲ್ಲಿ. ಕುದುರೆ ಕುಣಿಯುವಾಗ ತೆಗೆದರೆ, ಕುಣಿದರೆ ಭೂತ ಓಡುತ್ತದೆ ಅಂತ ಕಲಿಯುತ್ತದೆ. ಅದು ಕುಣಿದಾಗ ಹತ್ತಿರ ತರಲೂ ಬೇಡಿ, ಹಿಂದೆ ತೆಗೆಯಲೂ ಬೇಡಿ, ಇದ್ದಲ್ಲೇ ಹಿಡಿದು ಕಾಯಿರಿ. ತಲೆ ತಗ್ಗಿಸಿತು, ತುಟಿ ನೆಕ್ಕಿತು, ಬಾಯಿ ಚಪ್ಪರಿಸಿತು ಅಂದ ಕೂಡಲೇ ತೆಗೆಯಿರಿ. ಎಷ್ಟು ಕಾದರೂ ಸುಮ್ಮನಾಗದಿದ್ದರೆ ತೀರಾ ಹತ್ತಿರದಿಂದ ಶುರು ಮಾಡಿದ್ದೀರಿ ಅಂತ ಲೆಕ್ಕ, ಮುಂದಿನ ಸಲ ಇನ್ನೂ ದೂರದಿಂದ. ಹತ್ತು ಹದಿನೈದು ನಿಮಿಷ ಸಾಕು. ಕಡಲ ಗಾಳಿ ಮಧ್ಯಾಹ್ನ ಜಾಸ್ತಿ ಅಲ್ವಾ, ಅದಕ್ಕೆ ನಾನು ಬೆಳಿಗ್ಗೆಯೇ ಮುಗಿಸುತ್ತೇನೆ.

ಇನ್ನೊಂದು, ಎಡಗಡೆಯಿಂದ ಕಲಿಸಿದ್ದನ್ನು ಬಲಗಡೆಯಿಂದಲೂ ಮೊದಲಿನಿಂದ ಕಲಿಸಿ. ಕಣ್ಣುಗಳು ತಲೆಯ ಎರಡು ಬದಿಗೆ ಇರೋದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ಮುಂದೆಯೇ ಸ್ವಲ್ಪ ಕುರುಡು, ಬಾಲದ ಹಿಂದೆಯೂ ಅಷ್ಟೇ. ಟರ್ಪಾಲು ಎಡಕ್ಕೆ ಕಂಡಾಗ ಸುಮ್ಮನಿದ್ದ ಕುದುರೆ, ವಾಪಸ್ ಬರುವಾಗ ಅದೇ ಬಲಕ್ಕೆ ಸಿಕ್ಕಿದರೆ ಹೊಸದು ಅನ್ನುವ ಹಾಗೆ ಬೆಚ್ಚಿ ಬೀಳುತ್ತದೆ. ನಮ್ಮದು ಈಗ ಹಾಸಿದ ಟರ್ಪಾಲಿನ ಮೇಲೆಯೇ ನಿಂತು ಹುರುಳಿ ತಿನ್ನುತ್ತದೆ.

ಹುಲಿವೇಷಕ್ಕೆ ಬಾರಿಸುವ ತಾಸೆ ವಾದ್ಯ, ಗರ್ನಾಲ್ ಪಟಾಕಿ, ಇವುಗಳ ಸದ್ದಿನ ಕಥೆ ಬೇರೆ. ಮೊಬೈಲಲ್ಲಿ ತೀರಾ ಸಣ್ಣ ಸದ್ದಿನಿಂದ ಶುರು ಮಾಡಿ, ಮೇವು ತಿನ್ನುವಾಗ ಕೇಳಿಸುತ್ತಿದ್ದೇನೆ. ತಾಸೆಗೆ ಒಗ್ಗಿಕೊಂಡಿದೆ, ಗರ್ನಾಲಿಗೆ ಇನ್ನೂ ಇಲ್ಲ. ಹಾಗಾಗಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಹಬ್ಬದ ದಿನ ಲಾಯದಲ್ಲೇ ಅದರ ಜೊತೆ ಕೂರುತ್ತೇನೆ. ಉಡುಪಿಗೆ ಹೋಗಿ ಹುಲಿವೇಷ ನೋಡದೆ ಮೂರು ವರ್ಷ ಆಯಿತು.