ಪ್ಲೇಟೊ ಆಸೆ ಬಿಡಿ ಎನ್ನಲಿಲ್ಲ

ಗೌರಿಬಿದನೂರಿನ ಶಿಕ್ಷಕಿಯೊಬ್ಬರ ಪತ್ರ: ಸಹೋದ್ಯೋಗಿಯೊಬ್ಬರ ಜತೆ ದಿನವೂ ಓದಿದ್ದರ ಬಗ್ಗೆ ಮಾತಾಡುತ್ತೇನೆ. ನಮ್ಮದು ಪ್ಲೇಟಾನಿಕ್ ಪ್ರೀತಿ, ಆಸೆಯ ಸೋಂಕೂ ಇಲ್ಲ ಎಂದರೆ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನೀವೇನೆನ್ನುತ್ತೀರಿ?

ಮೇಡಂ, ಮೈಯಾಸೆಯಿಲ್ಲದ ಗೆಳೆತನಕ್ಕೆ ಜನ ಈ ಹೆಸರಿಟ್ಟಿದ್ದಾರೆ, ನಿಜ. ತಕರಾರಿಲ್ಲ. ಆದರೆ ಅದನ್ನು ಗ್ರೀಕ್ ತತ್ವಜ್ಞಾನಿ ಪ್ಲೇಟೊನ ತಲೆಗೆ ಕಟ್ಟಬೇಡಿ. ಅವನ 'ಸಿಂಪೋಸಿಯಂ' ಕೃತಿಯನ್ನು ತೆರೆದು ನೋಡಿ. ಕ್ರಿ.ಪೂ. 416, ಅಥೆನ್ಸ್. ನಾಟಕ ಸ್ಪರ್ಧೆಯಲ್ಲಿ ಗೆದ್ದ ಅಗಥಾನನ ಮನೆಯಲ್ಲಿ ಔತಣ. ಹಿಂದಿನ ದಿನ ಕುಡಿದದ್ದು ಇನ್ನೂ ಇಳಿಯದ ಅತಿಥಿಗಳು, ಇವತ್ತು ಕುಡಿತ ಕಡಿಮೆ ಮಾಡಿ ಒಬ್ಬೊಬ್ಬರಾಗಿ ಪ್ರೇಮವನ್ನು ಹೊಗಳೋಣ ಎಂದು ಕೂರುತ್ತಾರೆ. ಸಾಕ್ರಟೀಸನ ಸರದಿ ಬಂದಾಗ ಅವನು ಮಾಂಟಿನಿಯದ ಡಿಯೊಟಿಮಾ ಎಂಬಾಕೆ ತನಗೆ ಕಲಿಸಿದ್ದನ್ನು ಹೇಳುತ್ತಾನೆ. ಗಂಡಸರೇ ತುಂಬಿದ ಕೂಟದಲ್ಲಿ ಎಲ್ಲಕ್ಕಿಂತ ಎತ್ತರದ ಮಾತು ಹೆಣ್ಣಿನದು! ಇದನ್ನು ನಿಮ್ಮ ಸ್ಟಾಫ್ ರೂಮಿನಲ್ಲಿ ತಪ್ಪದೆ ಹೇಳಿ.

ಡಿಯೊಟಿಮಾ ಪ್ರೇಮಕ್ಕೆ ಒಬ್ಬ ಗಂಡಸಿನ ರೂಪ ಕೊಡುತ್ತಾಳೆ: ಈ ಪ್ರೇಮನಿಗೆ ಬಡತನವೇ ತಾಯಿ, ಉಪಾಯವೇ ತಂದೆ. ಬರಿಗಾಲಲ್ಲಿ ಅಲೆದು ಕಂಡವರ ಬಾಗಿಲಲ್ಲಿ ಮಲಗುವವನು. ತನ್ನಲ್ಲಿಲ್ಲದ್ದಕ್ಕೆ ಹಂಬಲಿಸುವುದೇ ಅವನ ಬದುಕು. ಪ್ರೇಮದ ಏಣಿ ಶುರುವಾಗುವುದು ಒಂದು ಚೆಲುವಾದ ದೇಹದಿಂದ. ಅಲ್ಲಿಂದ ಎಲ್ಲ ದೇಹಗಳ ಚೆಲುವಿಗೆ, ಮನಸ್ಸಿನ, ಕಟ್ಟಳೆಗಳ, ವಿದ್ಯೆಯ ಚೆಲುವಿಗೆ, ಕೊನೆಗೆ ಚೆಲುವೆಂಬುದಕ್ಕೇ. ಮೊದಲ ಮೆಟ್ಟಿಲೇ ಇಲ್ಲದೆ ಏರುವುದೆಲ್ಲಿಂದ? 15ನೇ ಶತಮಾನದಲ್ಲಿ ಈ ಪ್ರೀತಿಗೆ ಪ್ಲೇಟೊನ ಹೆಸರಿಟ್ಟ ಇಟಲಿಯ ಫ್ಲಾರೆನ್ಸಿನ ತತ್ವಜ್ಞಾನಿ ಫಿಚಿನೊಗೂ ಅದು ದೇವರೆಡೆಗೆ ಏರುವ ದಾರಿಯೇ ಆಗಿತ್ತು.

ನಮ್ಮ ಮುಳಬಾಗಿಲಿನ ಡಿ.ವಿ.ಜಿ. ಬೇಲೂರಿನ ಶಿಲಾಬಾಲಿಕೆಯರ ಮೇಲೆ 'ಅಂತಃಪುರ ಗೀತೆ' ಬರೆದರಲ್ಲ, ಕನ್ನಡಿ ಹಿಡಿದವಳ, ಗಿಳಿಯೊಡನೆ ಮಾತಾಡುವವಳ ಬೆಡಗಿಗೆ ಕಣ್ಣು ಮುಚ್ಚಿಕೊಂಡರೇ? ಆ ಬೆಡಗಿನ ಕೈ ಹಿಡಿದೇ ನಮ್ಮನ್ನು ಚೆನ್ನಕೇಶವನ ಕಡೆಗೆ ತಿರುಗಿಸಿದರು.

ಹಾಗಾಗಿ ನಿಮ್ಮ ಮೇಲೆ ನನಗೊಂದು ಸಣ್ಣ ಕೋಪ. ಸ್ಟಾಫ್ ರೂಮಿನವರ ಮುಂದೆ ಆಸೆಯಿಲ್ಲ ಎಂದು ಪ್ರಮಾಣ ಮಾಡುವ ಗರಜೇನಿತ್ತು? ಅವರಾದರೂ ಏನು ಮಾಡಿಯಾರು, ಬೆಳೆದದ್ದೇ ಹಾಗೆ. ಕ್ಲಾಸಿನಲ್ಲಿ ಹುಡುಗಿಯರು ಒಂದು ಕಡೆ, ಹುಡುಗರು ಇನ್ನೊಂದು ಕಡೆ. ನಮ್ಮ ಊರುಗಳಲ್ಲಿ ಒಂದು ಗಂಡು ಒಂದು ಹೆಣ್ಣು ಕೂತು ಪುಸ್ತಕದ ಮಾತಾಡಲು ಜಾಗವೆಲ್ಲಿದೆ? ಹೋಟೆಲಿಗೆ ಹೋದರೆ ಸಪ್ಲೈಯರ್ ಮುಖ ನೋಡಿ, ಕೇಳದಿದ್ದರೂ ಫ್ಯಾಮಿಲಿ ರೂಮಿಗೆ ಕಳಿಸುತ್ತಾನೆ. ಬೈಟು ಕಾಫಿ ಇಟ್ಟು ಹೋಗುವಾಗ ಪರದೆಯನ್ನೂ ಎಳೆಯುತ್ತಾನೆ. ನಂದಿಬೆಟ್ಟ ಹತ್ತಿದರೆ ನೀವು ಇಳಿಯುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿರುತ್ತದೆ. ಲೈಬ್ರರಿಯಲ್ಲಿ ಮಾತಾಡಿದರೆ ಗದರುತ್ತಾರೆ. ತಾಲ್ಲೂಕು ಲೈಬ್ರರಿಗಳಲ್ಲಿ ಸಂಜೆ ಹೊತ್ತು ಒಂದು ಕೋಣೆಯನ್ನು ಮಾತುಕತೆಗೆಂದೇ ಬಿಟ್ಟುಕೊಡಿ ಎಂದು ಈ ಪತ್ರಿಕೆ ಕೇಳುತ್ತಲೇ ಬಂದಿದೆ. ನೀವೂ ಒಂದು ಅರ್ಜಿ ಬರೆಯಿರಿ, ಅದಕ್ಕೆ ನಿಮ್ಮ ಸಹೋದ್ಯೋಗಿಯ ಸಹಿಯನ್ನೂ ಹಾಕಿಸಿ.